ಬಾಟಲಿ ಹಾಲು ಕುಡಿದ ಮೇಲೆ ಮಗು ಕಾಲು ಮಡಚಿ ಅಳುತ್ತದೆ, ಗಾಳಿ ಎಲ್ಲಿಂದ ಹೋಗುತ್ತಿದೆ?

ಕೋಡಿಬಾಗ (ಕಾರವಾರ):
ಗಂಡು ಮಗು, ಆರು ವಾರ ತುಂಬಲು ಇನ್ನೆರಡು ದಿನ. ತೂಕ 4.3 ಕಿಲೋ. ಎದೆಹಾಲು ಸಾಲುತ್ತಿಲ್ಲ ಎಂದು ಡಾಕ್ಟರು ತೂಕ ನೋಡಿ ಹೇಳಿದ ಮೇಲೆ ಹದಿನೈದು ದಿನದಿಂದ ದಿನಕ್ಕೆ ನಾಲ್ಕು ಸಲ ಡಬ್ಬಿ ಹಾಲು, ಪ್ರತಿ ಸಲ 120 ಮಿ.ಲೀ. ಉಳಿದ ಹೊತ್ತು ಎದೆಹಾಲೇ. ಬಾಟಲಿ ಐದು ನಿಮಿಷದಲ್ಲಿ ಖಾಲಿ. ಕುಡಿಯುವಾಗ ತುಟಿಯಂಚಿಂದ ಸೋರುತ್ತದೆ, ನಡುನಡುವೆ ಕೆಮ್ಮು. ಅರ್ಧ ಗಂಟೆಗೆ ಹೊಟ್ಟೆ ಉಬ್ಬಿ, ಕಾಲು ಮಡಚಿ ಕಿರುಚುತ್ತಾನೆ. ಹೂಸು ಹೋದರೆ ಸಮಾಧಾನ.

ಮೊದಲು ನಿಪ್ಪಲ್ ಚಪ್ಪಟೆಯಾಗಿ ಅಂಟಿಕೊಂಡು ಹಾಲೇ ಬರುತ್ತಿರಲಿಲ್ಲ. ಅದಕ್ಕೆ ಅತ್ತೆ ಸೂಜಿ ಕಾಸಿ ತೂತು ದೊಡ್ಡದು ಮಾಡಿದರು. ಪುಡಿ ಹಾಕಿ ಜೋರಾಗಿ ಕುಲುಕಿ, ತೊಡೆಯ ಮೇಲೆ ಮಲಗಿಸಿ ಕುಡಿಸುತ್ತೇವೆ. ಪುಡಿಯ ಕಂಪನಿ ಬದಲಿಸಬೇಕೇ? ಗ್ರೈಪ್ ವಾಟರ್ ಹಾಕಬಹುದೇ?

ಕುಮಟಾ ಸಿಸ್ಟರ್ (ಮಕ್ಕಳ ವಾರ್ಡ್):
ತಂಗಿ, ಪುಡಿಯನ್ನು ಬದಲಿಸುವ ಮೊದಲು ಆ ನಿಪ್ಪಲನ್ನು ಎಸೆದುಬಿಡಿ. ಸೂಜಿ ಚುಚ್ಚಿದ ತೂತಿನ ಅಂಚು ಹರಿಯುತ್ತ ಹೋಗುತ್ತದೆ, ರಬ್ಬರಿನ ಚೂರು ಗಂಟಲಿಗೆ ಹೋಗಬಹುದು.

ನಿಪ್ಪಲ್ ಚಪ್ಪಟೆಯಾಗಲು ಕಾರಣ ತೂತಿರಲಿಕ್ಕಿಲ್ಲ, ರಿಂಗ್ ಇರಬೇಕು. ನಿಪ್ಪಲಿನ ಬುಡದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಸಣ್ಣ ಸೀಳೋ ಚುಕ್ಕೆಯಂಥ ತೂತೋ ಕಾಣುತ್ತದೆ. ಹಾಲು ಹೊರಗೆ ಹೋದಷ್ಟು ಗಾಳಿ ಬಾಟಲಿಯೊಳಗೆ ಬರುವ ದಾರಿ ಅದು. ರಿಂಗನ್ನು ಬಿಗಿಯಾಗಿ ತಿರುಪಿದರೆ ಈ ದಾರಿ ಮುಚ್ಚುತ್ತದೆ. ಒಳಗೆ ನಿರ್ವಾತವಾಗಿ ನಿಪ್ಪಲ್ ಒಳಕ್ಕೆ ಎಳೆದುಕೊಳ್ಳುತ್ತದೆ, ಮಗು ತುಟಿ ಸಡಿಲಿಸಿ ಗಾಳಿ ನುಂಗುತ್ತದೆ. ಒಣಗಿದ ಹಾಲು ಕೂತರೂ ಹೀಗೇ ಆಗುತ್ತದೆ, ಹಾಗಾಗಿ ತೊಳೆಯುವಾಗ ಆ ಸೀಳನ್ನು ಬೆರಳಿಂದ ಹಿಚುಕಿ ನೀರು ಹಾಯಿಸಿ. ಹಾಲು ಸೋರದಷ್ಟು ಬಿಗಿ ಮಾಡಿ, ನಂತರ ಒಂದಿಷ್ಟೇ ಹಿಂದಕ್ಕೆ ತಿರುಗಿಸಿ. ಮಗು ಚೀಪುವಾಗ ಬಾಟಲಿಯೊಳಗೆ ಸಣ್ಣ ಗುಳ್ಳೆಗಳು ಮೇಲೇಳುತ್ತಿದ್ದರೆ ಸರಿಯಾಗಿದೆ.

ಹೊಸ ನಿಪ್ಪಲ್ ತರುವಾಗ ನವಜಾತ ಶಿಶುವಿನ ನಿಧಾನ ಹರಿವಿನದ್ದನ್ನೇ ಕೇಳಿ. ಹಾಲು ತುಂಬಿ ತಲೆಕೆಳಗಾಗಿಸಿದರೆ ಸೆಕೆಂಡಿಗೆ ಸುಮಾರು ಒಂದು ಹನಿ ಬೀಳಬೇಕು, ಧಾರೆ ಕಟ್ಟಬಾರದು. ಈಗ ಧಾರೆ ಕಟ್ಟುತ್ತಿರುವುದರಿಂದಲೇ ಕೆಮ್ಮು, ಸೋರಿಕೆ, ಗಟಗಟ ನುಂಗುವುದು ಎಲ್ಲ.

ಅಳತೆಯೂ ಹೆಚ್ಚಾಗಿದೆ. ಈ ವಯಸ್ಸಿಗೆ ಕಿಲೋಗೆ ದಿನಕ್ಕೆ ಸುಮಾರು 150 ಮಿ.ಲೀ. ಎಂದರೆ ಒಟ್ಟು 645. ಎಂಟು ಸಲಕ್ಕೆ ಹಂಚಿದರೆ ಒಂದು ಹೊತ್ತಿಗೆ 80ರ ಆಸುಪಾಸು. 120 ಕುಡಿದ ಹೊಟ್ಟೆ ಉಬ್ಬುವುದು ಸಹಜ. 80 ಕೊಟ್ಟು ನೋಡಿ, ಬೇಕೆಂದು ಬಾಯಿ ಚಪ್ಪರಿಸಿ ಹುಡುಕಿದರೆ ಮಾತ್ರ ಇನ್ನು 20. ಮುಖ ತಿರುಗಿಸಿದ ಮೇಲೆ ಬಾಟಲಿ ಖಾಲಿ ಮಾಡಿಸುವ ಹಟ ಬೇಡ. ಎದೆಹಾಲನ್ನು ಮೊದಲು ಕೊಡಿ, ಡಬ್ಬಿ ಹಾಲು ಆಮೇಲೆ. ಹಾಗೆ ಮಾಡಿದರೆ ಎದೆಹಾಲು ಬತ್ತುವುದಿಲ್ಲ.

ಶಿರಸಿ ಘಟ್ಟದ ಮೇಲೆ:
ಸಿಸ್ಟರ್ ಹೇಳಿದ್ದಕ್ಕೆ ಪುಡಿ ಕದಡುವ ವಿಷಯ ಸೇರಿಸುತ್ತೇನೆ. ಜೋರಾಗಿ ಕುಲುಕಿದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಒಂದು ಬೆರಳಷ್ಟು ನೊರೆ, ಕೆಳಗಿನ ಹಾಲಿನ ತುಂಬ ಗುಳ್ಳೆ. ಅಷ್ಟೂ ಗಾಳಿ ಹಾಲಿನ ಜತೆಗೇ ಹೊಟ್ಟೆಗೆ ಇಳಿಯುತ್ತದೆ. ಬಾಟಲಿಯನ್ನು ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆಯುವ ಕಡಗೋಲಿನ ಹಾಗೆ ಹೊರಳಿಸಿ, ನೊರೆ ಇಳಿಯುವವರೆಗೆ ಎರಡು-ಮೂರು ನಿಮಿಷ ನಿಲ್ಲಿಸಿ.

ಮೊದಲು ನೀರು, ಆಮೇಲೆ ಪುಡಿ. ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಅಳತೆ ಚಮಚ, ಆದರೂ ನಿಮ್ಮ ಡಬ್ಬಿಯ ಮೇಲಿರುವುದನ್ನೇ ಓದಿ. ಚಮಚವನ್ನು ಒತ್ತಿ ತುಂಬಬೇಡಿ, ಚಾಕುವಿನ ಬೆನ್ನಿಂದ ಸಮ ಮಾಡಿ. ಪುಡಿ ಜಾಸ್ತಿಯಾದರೆ ಮಲ ಗಟ್ಟಿ, ಮೈಯಲ್ಲಿ ನೀರಿನಂಶ ಕಡಿಮೆ. ನೀರು ಜಾಸ್ತಿಯಾದರೆ ತೂಕ ಏರುವುದಿಲ್ಲ, ರಕ್ತದ ಸೋಡಿಯಂ ಇಳಿದು ಅಪಾಯವೂ ಆಗಬಹುದು. ಡಬ್ಬಿ ಬೇಗ ಖರ್ಚಾಗುತ್ತದೆಂದು ತೆಳು ಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ.

ಪುಡಿ ಕ್ರಿಮಿರಹಿತ ವಸ್ತುವಲ್ಲ. ಆದ್ದರಿಂದ ನೀರು ಮರಳಿ ಕುದಿದು ಇಳಿಸಿದ ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ಬಿಸಿ ಇರುವಾಗಲೇ ಕದಡಬೇಕು. ಆಮೇಲೆ ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಆರಿಸಿ, ಮಣಿಕಟ್ಟಿನ ಒಳಬದಿಗೆ ಹನಿ ಬಿಟ್ಟು ನೋಡಿ. ಕದಡಿದ ಹಾಲು ಹೊರಗೆ ಎರಡು ಗಂಟೆ ಮಾತ್ರ. ಮಗು ಬಾಯಿ ಹಾಕಿದ್ದು ಒಂದು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ.

ಮಳೆಗಾಲದಲ್ಲಿ ಪುಡಿ ಗಂಟು ಕಟ್ಟುತ್ತದೆ. ಹಸಿ ಚಮಚ ಹಾಕುವುದು, ಕುದಿಯುವ ಪಾತ್ರೆಯ ಹಬೆಯ ಮೇಲೆ ಡಬ್ಬಿ ತೆರೆಯುವುದು, ಇವೇ ಕಾರಣ. ಗಂಟು ನಿಪ್ಪಲಿನ ತೂತಿಗೆ ಕೂತರೆ ಮಗು ಮತ್ತೆ ಬರೀ ಗಾಳಿ ಚೀಪುತ್ತದೆ. ಬಾಟಲಿ, ನಿಪ್ಪಲ್, ರಿಂಗ್ ಬಿಡಿಸಿ ಬ್ರಷ್ಷಿನಿಂದ ಉಜ್ಜಿ, ಗುಳ್ಳೆ ಉಳಿಯದಂತೆ ಪೂರ್ತಿ ಮುಳುಗಿಸಿ ಹತ್ತು ನಿಮಿಷ ಕುದಿಸಿ. ಬಟ್ಟೆಯಿಂದ ಒರೆಸಬೇಡಿ, ಬೋರಲು ಹಾಕಿ. ಆಷಾಢದಲ್ಲಿ ಒಣಗುವುದೇ ಇಲ್ಲ, ಹಾಗಿದ್ದಾಗ ಪ್ರತಿ ಸಲವೂ ಕುಡಿಸುವ ಮುಂಚೆಯೇ ಕುದಿಸಿಕೊಳ್ಳುವುದು ಒಳ್ಳೆಯದು.

ಕಾರವಾರದ ಕಡೆಯವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾದರೆ ಅದನ್ನು ಪುಡಿಗೆ ಬಳಸಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಾಢವಾಗುತ್ತದೆ.

ಹೊನ್ನಾವರ ಬಂದರು:
ಮಲಗಿಸಿ ಕುಡಿಸುವುದನ್ನು ಇವತ್ತೇ ನಿಲ್ಲಿಸಿ. ತಲೆ ಹೊಟ್ಟೆಗಿಂತ ಎತ್ತರ ಇರುವಂತೆ ಮೊಣಕೈ ಮಡಿಲಲ್ಲಿ ಅರ್ಧ ಕೂರಿಸಿ, ಬಾಟಲಿಯನ್ನು ನಿಪ್ಪಲ್ ಹಾಲಿನಿಂದ ತುಂಬಿರುವಷ್ಟೇ ಓರೆ ಮಾಡಿ. ನೇರ ಮೇಲಿಂದ ಸುರಿಯುವಂತೆ ಹಿಡಿಯಬೇಡಿ. ನಿಪ್ಪಲಿಂದ ಕೆಳತುಟಿ ಮುಟ್ಟಿಸಿ ಕಾಯಿರಿ, ಬಾಯಿ ಅಗಲ ತೆರೆದಾಗ ಒಳಗೆ ಬಿಡಿ, ತುಟಿಗಳು ಹೊರಕ್ಕೆ ಮಡಚಿ ಬುಡ ಹಿಡಿಯಲಿ. ಬರೀ ತುದಿ ಚೀಪಿದರೆ ‘ಚ್ಟ್ ಚ್ಟ್’ ಎಂದು ಸದ್ದಾಗುತ್ತದೆ, ಅದು ಗಾಳಿ ಹೋಗುವ ಸದ್ದು. ಹತ್ತಾರು ಗುಟುಕಿಗೊಮ್ಮೆ ಬಾಟಲಿ ಇಳಿಸಿ ಉಸಿರಾಡಲು ಬಿಡಿ. ಒಂದು ಹೊತ್ತಿನ ಹಾಲಿಗೆ 15-20 ನಿಮಿಷ ಹಿಡಿಯಬೇಕು.

ತೇಗು ತೆಗೆಸುವುದು ಪ್ರತಿ 30 ಮಿ.ಲೀ.ಗೊಮ್ಮೆ ಮತ್ತು ಕೊನೆಗೆ. ಹೆಗಲ ಮೇಲೆ ಹಾಕುವುದು ಎಲ್ಲರಿಗೂ ಗೊತ್ತು. ಅದರಲ್ಲಿ ತೇಗು ಬಾರದಿದ್ದರೆ ತೊಡೆಯ ಮೇಲೆ ಕೂರಿಸಿ, ಹೆಬ್ಬೆರಳು ಮತ್ತು ತೋರುಬೆರಳ ಕವಲಿನಲ್ಲಿ ಗದ್ದದ ಎಲುಬು ಹಿಡಿಯಿರಿ, ಕೈ ಗಂಟಲಿಗೆ ತಾಗಬಾರದು. ಅಂಗೈ ಎದೆಗೆ ಆನಿಸಿ ಮಗುವನ್ನು ತುಸು ಮುಂದಕ್ಕೆ ಬಾಗಿಸಿ, ಇನ್ನೊಂದು ಕೈ ಬೊಗಸೆಯಂತೆ ಮಾಡಿ ಬೆನ್ನಿನ ಕೆಳಗಿಂದ ಮೇಲಕ್ಕೆ ಸವರಿ, ಮೆತ್ತಗೆ ತಟ್ಟಿ. ಐದು ನಿಮಿಷದಲ್ಲಿ ಬಾರದಿದ್ದರೆ ಬಿಡಿ, ಪ್ರತಿ ಸಲ ತೇಗಲೇಬೇಕೆಂದೇನಿಲ್ಲ. ಕುಡಿದ ಮೇಲೆ 20 ನಿಮಿಷ ಎತ್ತಿಕೊಂಡಿರಿ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು, ಗ್ಯಾಸಿಗೆ ಒಳ್ಳೆಯದೆಂದು ಬೋರಲು ಮಲಗಿಸುವುದು ಅಪಾಯ.

ಕೋಡಿಬಾಗ (ಕಾರವಾರ):
ನಿಪ್ಪಲ್ ಬದಲಿಸಿ ಮೂರು ದಿನ. ಈಗ 80 ಮಿ.ಲೀ.ಗೆ 18 ನಿಮಿಷ, ಕೆಮ್ಮು ಸೋರಿಕೆ ಎರಡೂ ಇಲ್ಲ. ಸಂಜೆ ಹೊತ್ತಿನ ಅಳು ಮಾತ್ರ ಉಳಿದಿದೆ. ಬಜೆ ತೇದು ಜೇನಿನಲ್ಲಿ ನೆಕ್ಕಿಸಿ, ಹರಳೆಣ್ಣೆ ಹಾಕಿ ಎನ್ನುತ್ತಿದ್ದಾರೆ ಮನೆಯಲ್ಲಿ.

ಕುಮಟಾ ಸಿಸ್ಟರ್ (ಮಕ್ಕಳ ವಾರ್ಡ್):
ಶಿರಸಿಯ ಅಪ್ಪಟ ತುಡುವೆ ಜೇನಾದರೂ ವರ್ಷ ತುಂಬುವ ತನಕ ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಶಿಶುವಿನ ಕರುಳಲ್ಲಿ ಮೊಳೆತು ವಿಷ ಉಂಟುಮಾಡಬಲ್ಲದು. ಹರಳೆಣ್ಣೆ ಉಸಿರುನಾಳಕ್ಕೆ ಜಾರಿದರೆ ಎಣ್ಣೆಯಿಂದಲೇ ನ್ಯುಮೋನಿಯಾ. ಬಜೆಯನ್ನೂ ಬಾಯಿಗೆ ಹಾಕಬೇಡಿ. ಗ್ರೈಪ್ ವಾಟರ್ ಬೇಕಿಲ್ಲ. ಹೊಟ್ಟೆಯ ಗಾಳಿ ಗುಳ್ಳೆ ಒಡೆಯುವ ಸಿಮೆಥಿಕೋನ್ ಹನಿಯನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ ಹಾಕಿ, ಅದರಿಂದ ದೊಡ್ಡ ಗುಣ ನಿರೀಕ್ಷಿಸಬೇಡಿ. ಅತ್ತೆಯವರಿಗೆ ಬೇಸರವಾಗದ ಹಾಗೆ ಹೇಳಿ. ಎಣ್ಣೆ ಹಚ್ಚುವ ಕೈ ಅವರದ್ದೇ ಇರಲಿ, ಅದು ನಿಜಕ್ಕೂ ಉಪಯೋಗ.

ಹಾಲು ಕುಡಿದು ಮುಕ್ಕಾಲು ಗಂಟೆ ಕಳೆದ ಮೇಲೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಮುಟ್ಟಿಸಿ, ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸವರಿ. ಮಗುವಿನ ಬಲಗಡೆಯಿಂದ ಮೇಲೇರಿ ಎಡಗಡೆ ಇಳಿಯಬೇಕು, ಕರುಳು ಸಾಗುವ ದಾರಿ ಅದೇ. ನಂತರ ಎರಡೂ ಮೊಣಕಾಲು ಕೂಡಿಸಿ ಹೊಟ್ಟೆಗೆ ತಂದು, ಸ್ವಲ್ಪ ಹಿಡಿದು ಬಿಡಿ. ಐದಾರು ಸಲ ಮಾಡಿದರೆ ಹೂಸು ಸಲೀಸಾಗಿ ಹೋಗುತ್ತದೆ. ಮುಖ ಕೆಂಪು ಮಾಡಿ ತಿಣುಕಿದರೂ ಮಲ ಮೆತ್ತಗೆ ಬಂದರೆ ಅದು ಮಲಬದ್ಧತೆಯಲ್ಲ. ಸಂಜೆಯ ಅಳು ಆರನೇ ವಾರದ ಸುಮಾರಿಗೆ ತೀರಾ ಹೆಚ್ಚಿರುತ್ತದೆ, ಮೂರು-ನಾಲ್ಕು ತಿಂಗಳಿಗೆ ತಾನಾಗಿ ತಗ್ಗುತ್ತದೆ. ಅತ್ತಷ್ಟೂ ಗಾಳಿ ನುಂಗುತ್ತದಾದ್ದರಿಂದ ಹಸಿವಿನ ಅಳು ಜೋರಾಗುವ ಮುಂಚೆಯೇ ಹಾಲು ಕೊಡಿ.

ಹಸಿರು ವಾಂತಿ, ಕುಡಿದದ್ದೆಲ್ಲ ದೂರಕ್ಕೆ ಚಿಮ್ಮುವ ವಾಂತಿ, ಮಲದಲ್ಲಿ ರಕ್ತ, ಕಲ್ಲಿನಂತೆ ಗಟ್ಟಿಯಾದ ಹೊಟ್ಟೆ, 38 ಡಿಗ್ರಿ ಜ್ವರ, ಹಾಲು ಬೇಡವೆನ್ನುವುದು, ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಉಚ್ಚೆ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ವಾಹನ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಆಶಾ ಕಾರ್ಯಕರ್ತೆಯ 42ನೇ ದಿನದ ಭೇಟಿ, ಆರನೇ ವಾರದ ಲಸಿಕೆ ಎರಡೂ ಈಗಲೇ ಬರುತ್ತವೆ. ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಏರಿದ ತೂಕ ನೋಡಿ ಡಬ್ಬಿ ಹಾಲು ನಾಲ್ಕರಿಂದ ಮೂರು ಸಲಕ್ಕೆ ಇಳಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಆ ಮೂರು ಸಲಕ್ಕೆ ಬಾಟಲಿಯ ಬದಲು ಒಳಲೆ ಇಲ್ಲವೇ ಸಣ್ಣ ಸ್ಟೀಲ್ ಲೋಟ ಸಾಕಾಗುತ್ತದೆ. ಅಂಚನ್ನು ಕೆಳತುಟಿಗೆ ತಾಗಿಸಿ ಹಿಡಿಯಿರಿ, ಸುರಿಯಬೇಡಿ, ಮಗು ತಾನೇ ನಾಲಿಗೆ ಚಾಚಿ ಕುಡಿಯುತ್ತದೆ. ತೊಳೆಯುವುದೂ ಸುಲಭ.