ಅನಿಮೇಷನ್‌ನಲ್ಲಿ ಗೆರೆ ಮೊದಲೋ, ಧ್ವನಿ ಮೊದಲೋ?

ಪ್ರಶ್ನೆ: ಗೆರೆಗಾರ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲಾ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಈ ಬಾರಿ ವಿದ್ಯಾರ್ಥಿಗಳಿಗೆ ಅನಿಮೇಷನ್‌ನ ಚರಿತ್ರೆಯನ್ನು ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಚಿತ್ರಶೈಲಿಯ ಮಟ್ಟಿಗೆ ಹೇಳಬೇಕಾದುದರ ಬಗ್ಗೆ ನನಗೆ ಗೊಂದಲವಿಲ್ಲ. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ಬಿಳಿ ಕಾಗದದ ಮೇಲೆ ಬರೆದ ಗೆರೆಗಳನ್ನು ನೆಗೆಟಿವ್ ಆಗಿ ಮುದ್ರಿಸಿ, ಅವು ಕಪ್ಪು ಹಲಗೆಯ ಮೇಲಿನ ಸೀಮೆಸುಣ್ಣದ ಗೆರೆಗಳಂತೆ ಕಾಣುವ ಹಾಗೆ ಮಾಡಿದ್ದರಿಂದ ಹಿಡಿದು, 1932ರಲ್ಲಿ ಡಿಸ್ನಿ ಸಂಸ್ಥೆಯ ‘ಫ್ಲವರ್ಸ್ ಅಂಡ್ ಟ್ರೀಸ್’ ಪೂರ್ಣ ಟೆಕ್ನಿಕಲರ್‌ನಲ್ಲಿ ಬಂದದ್ದು, 1995ರಲ್ಲಿ ‘ಟಾಯ್ ಸ್ಟೋರಿ’ ಇಡಿಯಾಗಿ ಕಂಪ್ಯೂಟರಿನಲ್ಲೇ ಸಿದ್ಧವಾದದ್ದು, ಎಲ್ಲಕ್ಕೂ ಟಿಪ್ಪಣಿ ಸಿದ್ಧವಿದೆ.

ಆದರೆ ಧ್ವನಿಯ ಬಗ್ಗೆ ನನ್ನ ಟಿಪ್ಪಣಿಯಲ್ಲಿರುವುದು ‘1928ರಲ್ಲಿ ಧ್ವನಿ ಬಂತು’ ಎಂಬ ಒಂದೇ ಸಾಲು. ಧ್ವನಿ ಎಂಬುದು ಚಿತ್ರ ಸಿದ್ಧವಾದ ಮೇಲೆ ಬಳಿಯುವ ಬಣ್ಣದಂಥದ್ದೇ, ಅಥವಾ ಗೆರೆಯ ಸ್ವರೂಪವನ್ನೇ ಅದು ಬದಲಿಸಿದ ಉದಾಹರಣೆಗಳಿವೆಯೇ? ಬಲ್ಲವರು ಒಂದೆರಡು ಚಿತ್ರಗಳನ್ನಾದರೂ ಬಿಡಿಸಿ ತೋರಿಸಿದರೆ ಉಪಕಾರವಾಗುತ್ತದೆ.

ಉತ್ತರ: ತಾಳದಕಟ್ಟು

ಗೆರೆಗಾರರೇ, ಆ ಒಂದು ಸಾಲಿನಿಂದಲೇ ಶುರು ಮಾಡೋಣ. ಧ್ವನಿಯುಳ್ಳ ಮೊದಲ ಕಾರ್ಟೂನ್ ಮಿಕ್ಕಿ ಮೌಸ್‌ನದಲ್ಲ. ನ್ಯೂಯಾರ್ಕಿನ ಫ್ಲೈಷರ್ ಸಹೋದರರು 1920ರ ದಶಕದ ನಡುಭಾಗದಲ್ಲೇ ಲೀ ಡಿ ಫಾರೆಸ್ಟ್ ಅವರ ಧ್ವನಿಮುದ್ರಣ ವ್ಯವಸ್ಥೆಯನ್ನು ಬಳಸಿ ಹಾಡಿನ ಕಾರ್ಟೂನುಗಳನ್ನು ತಯಾರಿಸಿದ್ದರು. ಪರದೆಯ ಮೇಲೆ ಹಾಡಿನ ಸಾಲು ಮೂಡುತ್ತಿತ್ತು, ಚೆಂಡೊಂದು ಅಕ್ಷರದಿಂದ ಅಕ್ಷರಕ್ಕೆ ಪುಟಿಯುತ್ತಿತ್ತು, ಸಭಾಂಗಣದ ಜನ ಅದನ್ನು ನೋಡಿಕೊಂಡು ದನಿಗೂಡಿಸುತ್ತಿದ್ದರು.

1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ತೆರೆಕಂಡ ಡಿಸ್ನಿಯ ಮಿಕ್ಕಿ ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಹೊಸದಾಗಿದ್ದದ್ದು ಧ್ವನಿಯಲ್ಲ, ಲೆಕ್ಕ. ತಂಡದಲ್ಲಿದ್ದ ವಿಲ್ಫ್ರೆಡ್ ಜಾಕ್ಸನ್ ಅವರ ತಾಯಿ ಪಿಯಾನೊ ಕಲಿಸುತ್ತಿದ್ದುದರಿಂದ ಅವರಿಗೆ ಸಮನಾದ ತಾಳ ತೋರಿಸುವ ಮೆಟ್ರೊನೋಮ್ ಯಂತ್ರದ ಪರಿಚಯವಿತ್ತು. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳ (ಫ್ರೇಮುಗಳ) ವೇಗದಲ್ಲಿ ಓಡುತ್ತದೆ ಎಂಬುದು ಖಚಿತವಾದ ಮೇಲೆ, ತಾಳದ ಒಂದೊಂದು ಪೆಟ್ಟಿಗೂ 12 ಚೌಕಟ್ಟು ಎಂದುಕೊಂಡರೆ ಸೆಕೆಂಡಿಗೆ ಎರಡು ಪೆಟ್ಟು, 8 ಎಂದುಕೊಂಡರೆ ಮೂರು ಪೆಟ್ಟು ಎಂದು ಮೊದಲೇ ನಿರ್ಧರಿಸಬಹುದು. ಸಂಗೀತದ ಸಾಲಿನ ಜೊತೆಯಲ್ಲೇ ಪಾತ್ರದ ಚಲನೆಯನ್ನೂ ಗುರುತಿಸುವ ‘ಬಾರ್ ಶೀಟ್’ ಎಂಬ ಹಾಳೆ ರೂಢಿಗೆ ಬಂದದ್ದು ಈ ದಾರಿಯಲ್ಲೇ. ಹಾಗಾಗಿ ಕಲಾವಿದ ಪೆನ್ಸಿಲ್ ಹಿಡಿಯುವ ಮೊದಲೇ ಮಿಕ್ಕಿಯ ಕಾಲು ಯಾವ ಚೌಕಟ್ಟಿನಲ್ಲಿ ನೆಲ ಮುಟ್ಟಬೇಕೆಂಬುದು ತೀರ್ಮಾನವಾಗಿರುತ್ತಿತ್ತು. ಇಷ್ಟಾದರೂ ವಾದ್ಯಗಾರರನ್ನು ಕೂರಿಸಿ ನಡೆಸಿದ ಮೊದಲ ಧ್ವನಿಮುದ್ರಣ ಚಿತ್ರದ ಓಟಕ್ಕೆ ಹೊಂದದೆ ಕೆಟ್ಟಿತು. ಪೆಟ್ಟು ಎಲ್ಲಿ ಬೀಳಬೇಕೆಂದು ತೋರಿಸುವ ಪುಟಿಯುವ ಗುರುತೊಂದನ್ನು ಫಿಲ್ಮಿನ ಮೇಲೆಯೇ ಮೂಡಿಸಿ ಎರಡನೆಯ ಬಾರಿ ನುಡಿಸಿದಾಗ ಕೆಲಸ ಕೈಗೂಡಿತು.

ಈಗ ಗೆರೆಗೆ ಏನಾಯಿತೆಂದು ನೋಡಿ. ಮೇಕೆಯೊಂದು ಮಿಕ್ಕಿಯ ಗೆಳತಿ ಮಿನ್ನಿಯ ಸಂಗೀತದ ಹಾಳೆಗಳನ್ನು ತಿಂದುಬಿಡುತ್ತದೆ. ಅದರ ಬಾಲವನ್ನು ಹಿಡಿಯಂತೆ ತಿರುಗಿಸಿದರೆ ಬಾಯಿಂದ ಹಾಡು ಹೊರಡುತ್ತದೆ. ಹಸುವಿನ ಹಲ್ಲುಗಳ ಸಾಲು ಮಿಕ್ಕಿಗೆ ಕೋಲಿನಿಂದ ಬಾರಿಸುವ ಕ್ಸೈಲೊಫೋನ್ ವಾದ್ಯವಾಗುತ್ತದೆ. ಅಂದರೆ ಚಿತ್ರದೊಳಗಿನ ಪ್ರತಿ ವಸ್ತುವೂ ವಾದ್ಯವಾಗಬಲ್ಲದ್ದಾಗಿರಬೇಕು. ಮೂಳೆಯೇ ಇಲ್ಲದ ಕೊಳವೆಯಂಥ ಕೈಕಾಲುಗಳು ಮೂಕಿ ಕಾರ್ಟೂನುಗಳ ಕಾಲದಲ್ಲೇ ಇದ್ದವು ನಿಜ, ಆದರೆ ತಾಳಕ್ಕೆ ತಕ್ಕಂತೆ ಜಗ್ಗುವ, ಕುಗ್ಗುವ, ಮತ್ತೆ ಮತ್ತೆ ಅದೇ ಚಲನೆಯನ್ನು ಮಾಡುವ ಮೈಗೆ ಒಂದು ಕಾರಣ ಸಿಕ್ಕಿದ್ದು ಇಲ್ಲಿ. ಮರುವರ್ಷದ ‘ದಿ ಸ್ಕೆಲಿಟನ್ ಡ್ಯಾನ್ಸ್’ ಇದನ್ನು ತುದಿಗೊಯ್ದಿತು: ಅಲ್ಲಿ ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನೆಲುಬನ್ನು ಬಾರಿಸುತ್ತದೆ. ಅದರ ಸಂಗೀತ ಕಾರ್ಲ್ ಸ್ಟಾಲಿಂಗ್ ಅವರದು. ಕ್ಯಾನ್ಸಸ್ ಸಿಟಿಯ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದ ಈ ಮನುಷ್ಯನೇ ಮುಂದೆ 1936ರಿಂದ 1958ರವರೆಗೆ ವಾರ್ನರ್ ಸಂಸ್ಥೆಯ ಕಾರ್ಟೂನುಗಳಿಗೆ ಸಂಗೀತ ಕೊಟ್ಟರು. ನನ್ನನ್ನು ಕೇಳಿದರೆ ಅಮೆರಿಕದ ಕಾರ್ಟೂನಿನ ಅರ್ಧ ವ್ಯಾಕರಣ ಅವರ ಕಿವಿಯಿಂದ ಬಂದದ್ದು.

ಉತ್ತರ: ಪರದೆಯಂಚು

ತಾಳದಕಟ್ಟು ಅವರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಮೂಕಿ ಕಾಲವೂ ಸದ್ದಿಲ್ಲದ ಕಾಲವಾಗಿರಲಿಲ್ಲ. 1914ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ಚಾವಟಿ ಹಿಡಿದು ರಂಗದ ಮೇಲೆ ಪರದೆಯ ಪಕ್ಕದಲ್ಲೇ ನಿಂತು, ಗರ್ಟಿ ಎಂಬ ಡೈನೋಸಾರ್‌ಗೆ ಅಪ್ಪಣೆ ಕೊಡುತ್ತ, ಅದನ್ನು ಗದರುತ್ತ ಪ್ರದರ್ಶನ ನಡೆಸುತ್ತಿದ್ದರು. ಗರ್ಟಿ ಅಳುವ, ಹಟ ಮಾಡುವ ಚಿತ್ರಗಳು ಆ ಮಾತಿಗೆ ಬಿಡುವು ಕೊಟ್ಟೇ ರಚಿತವಾದವು. 1926ರಲ್ಲಿ ಜರ್ಮನಿಯ ಲೋಟೆ ರೈನಿಗರ್ ಕಪ್ಪು ರಟ್ಟನ್ನು ಕತ್ತರಿಸಿ ಮಾಡಿದ ‘ಪ್ರಿನ್ಸ್ ಅಖ್ಮದ್’ ಚಿತ್ರಕ್ಕೂ ವೋಲ್ಫ್‌ಗಾಂಗ್ ಜೆಲ್ಲರ್ ವಾದ್ಯವೃಂದಕ್ಕಾಗಿ ಪ್ರತ್ಯೇಕ ಸಂಗೀತ ರಚಿಸಿದ್ದರು. ನಮ್ಮ ತೊಗಲುಗೊಂಬೆಯ ಚರ್ಮದೊಳಗಿಂದ ದೀಪದ ಬೆಳಕು ಹಾಯ್ದು ಬಣ್ಣಗಳು ಕಾಣುತ್ತವೆ. ರೈನಿಗರ್ ಅವರ ಗೊಂಬೆಯಲ್ಲಿ ಒಳಗೆ ಏನೂ ಕಾಣುವುದಿಲ್ಲ, ಮುಖಭಾವವೂ ಇಲ್ಲ, ಹೊರರೇಖೆ ಮಾತ್ರ. ಪಾತ್ರದ ಮನಸ್ಸನ್ನು ಹೇಳುವ ಕೆಲಸ ಬೆರಳಿನ ಬಾಗು ಮತ್ತು ವಾದ್ಯ ಇವೆರಡರ ಪಾಲಿಗೆ ಬೀಳುತ್ತದೆ.

ಉತ್ತರ: ಖಾಲಿಗೋಡೆ

ಗೆರೆಯನ್ನು ಧ್ವನಿ ಬದಲಿಸಿದ್ದಕ್ಕೆ 1928ಕ್ಕಿಂತ ಹೆಚ್ಚು ಸ್ಪಷ್ಟವಾದ ಉದಾಹರಣೆ 1950ರದು ಎಂಬುದು ನನ್ನ ಅಭಿಪ್ರಾಯ. ಡಿಸ್ನಿ ಸಂಸ್ಥೆಯಲ್ಲಿ 1941ರಲ್ಲಿ ನಡೆದ ಮುಷ್ಕರದ ನಂತರ ಹೊರಬಂದ ಕೆಲವು ಕಲಾವಿದರು ಯುಪಿಎ ಎಂಬ ಸ್ಟುಡಿಯೋ ಕಟ್ಟಿಕೊಂಡರು. ನಿಜವಾದ ಕಾಡು, ನಿಜವಾದ ನೀರು ಎಂಬಂತೆ ಕಾಣುವ ಚಿತ್ರಗಳನ್ನು ಬರೆದು ಬರೆದು ಅವರಿಗೆ ಸಾಕಾಗಿತ್ತು. ಆಧುನಿಕ ಚಿತ್ರಕಲೆಯ, ಪೋಸ್ಟರಿನ ಚಪ್ಪಟೆ ಆಕಾರಗಳು ಅವರನ್ನು ಸೆಳೆದಿದ್ದವು. ಮಕ್ಕಳ ಕಥೆಗಾರ ಡಾಕ್ಟರ್ ಸ್ಯೂಸ್ ಅವರ ಕಥೆಯನ್ನು ಆಧರಿಸಿ ರಾಬರ್ಟ್ ಕ್ಯಾನನ್ ನಿರ್ದೇಶಿಸಿದ ‘ಜೆರಾಲ್ಡ್ ಮೆಕ್‌ಬೋಯಿಂಗ್ ಬೋಯಿಂಗ್’ ಈ ಸ್ಟುಡಿಯೋದ ಕೃತಿ. ಜೆರಾಲ್ಡ್ ಎಂಬ ಪುಟ್ಟ ಹುಡುಗ ಬಾಯಿ ತೆರೆದರೆ ಮಾತು ಬರುವುದಿಲ್ಲ, ಸದ್ದು ಬರುತ್ತದೆ. ಶಾಲೆ ಅವನನ್ನು ಒಲ್ಲೆನ್ನುತ್ತದೆ, ತಂದೆತಾಯಿ ಕಂಗಾಲಾಗುತ್ತಾರೆ, ಕೊನೆಗೆ ರೇಡಿಯೋದವರು ಅವನನ್ನು ಕರೆದು ಕೆಲಸ ಕೊಡುತ್ತಾರೆ.

ಆ ಚಿತ್ರವನ್ನು ಒಮ್ಮೆ ನಿಲ್ಲಿಸಿ ನೋಡಿ. ಕೋಣೆಗೆ ಗೋಡೆಯ ಗೆರೆಯಿಲ್ಲ, ನೆಲ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಒಂದು ಕುರ್ಚಿ, ಒಂದು ದೀಪ, ಹಿನ್ನೆಲೆಗೆ ಒಂದೇ ಬಣ್ಣ. ಹುಡುಗನ ಮನಸ್ಸು ಕುಗ್ಗಿದಂತೆ ಆ ಬಣ್ಣವೂ ಕಪ್ಪಾಗುತ್ತದೆ. ಇಷ್ಟು ಕಡಿಮೆ ಗೆರೆಗಳಲ್ಲಿ ಆ ಲೋಕ ನಮಗೆ ತುಂಬಿದಂತೆ ಕಾಣಲು ಕಾರಣ ಗೇಲ್ ಕ್ಯೂಬಿಕ್ ಅವರ ಸಂಗೀತ ಮತ್ತು ಆ ಹುಡುಗನ ಬಾಯಿಂದ ಹೊರಡುವ ಸದ್ದುಗಳು. ಗೆರೆ ಬಿಟ್ಟುಕೊಟ್ಟ ಜಾಗವನ್ನು ಕಿವಿ ವಹಿಸಿಕೊಂಡಿದೆ. ಚಿತ್ರಕ್ಕೆ ಆ ವರ್ಷದ ಆಸ್ಕರ್ ಬಂತು.

ದುರದೃಷ್ಟವೆಂದರೆ, ಕಲಾತ್ಮಕವಾದ ಈ ಮಿತವ್ಯಯವನ್ನು ಟೆಲಿವಿಷನ್ ಬರೀ ಉಳಿತಾಯವನ್ನಾಗಿ ಮಾಡಿಕೊಂಡಿತು. ಎಂಜಿಎಂ ಸಂಸ್ಥೆ 1957ರಲ್ಲಿ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿದಾಗ, ಅಲ್ಲಿ ‘ಟಾಮ್ ಅಂಡ್ ಜೆರ್ರಿ’ ಮಾಡುತ್ತಿದ್ದ ಹ್ಯಾನಾ ಮತ್ತು ಬಾರ್ಬೆರಾ ಟಿವಿಗೆ ಬಂದರು. ಅವರ ಟಿವಿ ಪಾತ್ರಗಳ ಕೊರಳಲ್ಲಿ ಕಾಲರೋ ಟೈಯೋ ಏಕಿರುತ್ತದೆಂದು ಗಮನಿಸಿದ್ದೀರಾ? ತಲೆಯನ್ನು ಬೇರೆ ಹಾಳೆಯಲ್ಲಿ ಬರೆದು, ಮೈಯನ್ನು ಅಲುಗದಂತೆ ಇಟ್ಟು, ತಲೆಯನ್ನಷ್ಟೇ ಆಡಿಸಿದರೆ ಕೆಲಸ ಉಳಿಯುತ್ತದೆ. ಕಾಲರ್ ಆ ಬೆಸುಗೆಯನ್ನು ಮುಚ್ಚುತ್ತದೆ. ಕಥೆಯನ್ನು ಸಾಗಿಸುವ ಹೊರೆಯೆಲ್ಲ ಮಾತಿನ ಮೇಲೆ, ತಯಾರಿಟ್ಟ ಸದ್ದುಗಳ ಮೇಲೆ ಬಿತ್ತು. ವಾರ್ನರ್‌ನ ಹಳೆಯ ನಿರ್ದೇಶಕ ಚಕ್ ಜೋನ್ಸ್ ಇಂಥವನ್ನು ಚಿತ್ರಸಹಿತ ರೇಡಿಯೋ ಎಂದು ಮೂದಲಿಸುತ್ತಿದ್ದರು. ಹಳೆಯ ‘ಟಾಮ್ ಅಂಡ್ ಜೆರ್ರಿ’ಯ ಸಂಗತಿ ಇದಕ್ಕೆ ತಿರುವುಮುರುವು: ಅಲ್ಲಿ ಮಾತು ತೀರ ಕಡಿಮೆ, ಬೆಕ್ಕಿನ ಒಂದೊಂದು ಹೆಜ್ಜೆಗೂ ಸ್ಕಾಟ್ ಬ್ರಾಡ್ಲಿ ಅವರ ವಾದ್ಯವೃಂದ ಉತ್ತರ ಕೊಡುತ್ತದೆ. ನಮ್ಮ ಊರುಗಳ ಮಕ್ಕಳು ಇಂಗ್ಲಿಷಿನ ಹಂಗಿಲ್ಲದೆ ಅದನ್ನು ನೋಡಿ ಬೆಳೆದದ್ದು ಸುಮ್ಮನೆ ಅಲ್ಲ.

ಮರುಪ್ರಶ್ನೆ: ಗೆರೆಗಾರ

ಎಲ್ಲರಿಗೂ ಧನ್ಯವಾದಗಳು. ಆದರೆ ಖಾಲಿಗೋಡೆಯವರ ಮಾತಿನಿಂದ ಒಂದು ಅನುಮಾನ ಹುಟ್ಟಿತು. ಚಿತ್ರ ಬಡವಾದಾಗ ಧ್ವನಿ ಊರುಗೋಲಾಗುತ್ತದೆ ಎಂದಾದರೆ, ಧ್ವನಿಯ ಪಾತ್ರ ಅಷ್ಟೇ ಎಂದು ವಿದ್ಯಾರ್ಥಿಗಳು ತಿಳಿದುಕೊಳ್ಳುವುದಿಲ್ಲವೇ? ಎರಡೂ ಸರಿಸಮನಾಗಿ ನಿಂತ ಕೃತಿಗಳಿಲ್ಲವೇ?

ಉತ್ತರ: ಪಟ್ಟೆಕಾರ್ಡು

ಸರಿಸಮನಾಗಿ ನಿಂತದ್ದಷ್ಟೇ ಅಲ್ಲ, ಎರಡೂ ಒಂದೇ ಆದ ಕೃತಿಯೇ ಇದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದ ನಾರ್ಮನ್ ಮೆಕ್ಲಾರೆನ್ ಅವರನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು.

ಹಳೆಯ 35 ಮಿ.ಮೀ. ಫಿಲ್ಮಿನ ಅಂಚಿನಲ್ಲಿ ಧ್ವನಿಗಾಗಿ ಕಿರಿದಾದ ಪಟ್ಟಿಯೊಂದು ಇರುತ್ತದೆ. ಪ್ರೊಜೆಕ್ಟರಿನ ಸಣ್ಣ ದೀಪದ ಬೆಳಕು ಆ ಪಟ್ಟಿಯ ಮೂಲಕ ಹಾಯುವಾಗ ಅಲ್ಲಿನ ಕಪ್ಪು ಬಿಳುಪಿನ ಏರಿಳಿತವೇ ವಿದ್ಯುತ್ತಾಗಿ, ಆಮೇಲೆ ಸದ್ದಾಗಿ ಮಾರ್ಪಡುತ್ತದೆ. ಹಾಗಿದ್ದರೆ ಮೈಕಿನ ಗೊಡವೆಯೇ ಇಲ್ಲದೆ ಆ ಪಟ್ಟಿಯ ಮೇಲೆ ಗೆರೆ ಎಳೆದರೂ ಸದ್ದು ಬರಲೇಬೇಕಲ್ಲವೇ? 1930ರ ಸುಮಾರಿಗೆ ರಷ್ಯಾದಲ್ಲಿ ಆರ್ಸೆನಿ ಅವ್ರಾಮೊವ್, ಜರ್ಮನಿಯಲ್ಲಿ ಆಸ್ಕರ್ ಫಿಶಿಂಗರ್, ರುಡಾಲ್ಫ್ ಫೆನಿಂಗರ್ ಇದನ್ನು ಪ್ರಯೋಗಿಸಿದ್ದರು. ಮೆಕ್ಲಾರೆನ್ 1940ರ ‘ಡಾಟ್ಸ್’ ಮತ್ತು ‘ಲೂಪ್ಸ್’ ಎಂಬ ಕಿರುಚಿತ್ರಗಳಲ್ಲಿ ಚಿತ್ರವನ್ನೂ ಸದ್ದನ್ನೂ ಫಿಲ್ಮಿನ ಮೇಲೆ ನೇರವಾಗಿ ಕೈಯಿಂದಲೇ ಬರೆದರು. ಆಮೇಲೆ ಸ್ವರಕ್ಕೊಂದರಂತೆ ಪಟ್ಟೆಗಳಿರುವ ಕಾರ್ಡುಗಳನ್ನು ಮಾಡಿಟ್ಟುಕೊಂಡು, ಬೇಕಾದ ಕಾರ್ಡನ್ನು ಧ್ವನಿಯ ಪಟ್ಟಿಯೊಳಗೆ ಚೌಕಟ್ಟು ಚೌಕಟ್ಟಾಗಿ ಛಾಯಾಚಿತ್ರ ತೆಗೆದರು. ಪಟ್ಟೆಗಳು ಒತ್ತೊತ್ತಾಗಿದ್ದರೆ ತಾರಸ್ಥಾಯಿ, ದೂರದೂರವಾಗಿದ್ದರೆ ಮಂದ್ರ. 1952ರ ‘ನೇಬರ್ಸ್’ ಚಿತ್ರದ ಗರಗರ ಸದ್ದೆಲ್ಲ ಹೀಗೆ ಬಂದದ್ದು. 1971ರ ‘ಸಿಂಕ್ರೊಮಿ’ಯಲ್ಲಂತೂ ಆ ಪಟ್ಟೆಗಳನ್ನೇ ಬಣ್ಣ ತುಂಬಿ ಪರದೆಯ ಮೇಲೂ ತಂದರು. ಅಲ್ಲಿ ನೀವು ಕೇಳುತ್ತಿರುವುದನ್ನೇ ನೋಡುತ್ತಿರುತ್ತೀರಿ.

ಭಾರತದ ನಂಟಿನ ಸಲುವಾಗಿ ಇನ್ನೊಂದು: ಇದೇ ಮೆಕ್ಲಾರೆನ್ 1957ರಲ್ಲಿ ಕ್ಲೋಡ್ ಜುತ್ರಾ ಅವರೊಡನೆ ಮಾಡಿದ ‘ಎ ಚೇರಿ ಟೇಲ್’ ಚಿತ್ರಕ್ಕೆ ಸಂಗೀತ ಪಂಡಿತ್ ರವಿಶಂಕರ್ ಅವರದು, ತಬಲಾ ಚತುರ್ ಲಾಲ್ ಅವರದು. ಒಬ್ಬ ಕೂರಲು ಬರುತ್ತಾನೆ, ಕುರ್ಚಿ ಕೂರಿಸಿಕೊಳ್ಳುವುದಿಲ್ಲ, ಕಥೆ ಅಷ್ಟೇ. ಕುರ್ಚಿಗೆ ಮುಖವಿಲ್ಲ, ಕಣ್ಣಿಲ್ಲ. ಅದರ ಮುನಿಸು, ತುಂಟತನ ಎಲ್ಲವೂ ಸಿತಾರ್ ಮತ್ತು ತಬಲಾದಲ್ಲಿವೆ. ಇದನ್ನು ಊರುಗೋಲು ಎನ್ನಲಾದೀತೇ?

ಮಿತವಾದ ಚಿತ್ರವೆಲ್ಲ ಬಡಚಿತ್ರ ಎಂಬುದನ್ನೂ ನಾನು ಒಪ್ಪುವುದಿಲ್ಲ. ಫಿಲ್ಮ್ಸ್ ಡಿವಿಷನ್ 1974ರಲ್ಲಿ ತಯಾರಿಸಿದ ‘ಏಕ್ ಅನೇಕ್ ಔರ್ ಏಕತಾ’ವನ್ನು ದೂರದರ್ಶನದಲ್ಲಿ ನೋಡಿದವರು ಇಲ್ಲಿ ಬಹಳ ಮಂದಿ ಇರಬೇಕು. ವಿಜಯಾ ಮುಳೆ ಅವರ ನಿರ್ದೇಶನ, ಭೀಮಸೇನ್ ಅವರ ಚಿತ್ರವಿನ್ಯಾಸ, ವಸಂತ ದೇಸಾಯಿ ಅವರ ಸಂಗೀತ. ಚಪ್ಪಟೆ ಆಕಾರಗಳು, ಸರಳ ಚಲನೆ. ಆದರೂ ಹಿಂದಿ ತಿಳಿಯದ ಕನ್ನಡದ ಮಕ್ಕಳ ಬಾಯಲ್ಲೂ ಆ ಹಾಡು ಉಳಿಯಿತು, ಹಾಡಿನ ಜೊತೆಗೆ ಬಲೆಯನ್ನೇ ಹೊತ್ತು ಹಾರುವ ಹಕ್ಕಿಗಳೂ ಉಳಿದವು.

ಉತ್ತರ: ಮಂಜಿನಲ್ಲಿ

ಇದುವರೆಗಿನ ಉತ್ತರಗಳೆಲ್ಲ ಸದ್ದಿನ ಕಡೆಯವು. ಸದ್ದು ಇಲ್ಲದಿರುವುದೂ ಒಂದು ಆಯ್ಕೆ ಎಂಬುದನ್ನು ವಿದ್ಯಾರ್ಥಿಗಳಿಗೆ ದಯವಿಟ್ಟು ಹೇಳಿ. ನಟರನ್ನಿಟ್ಟು ತೆಗೆಯುವ ಸಿನಿಮಾದಲ್ಲಿ ಗಾಳಿ, ಬಟ್ಟೆಯ ಸರಪರ, ದೂರದ ನಾಯಿ ಇವೆಲ್ಲ ಕರೆಯದಿದ್ದರೂ ಮೈಕಿನೊಳಗೆ ಬರುತ್ತವೆ. ಅನಿಮೇಷನ್‌ನಲ್ಲಿ ಯಾರಾದರೂ ತಂದಿಡದೆ ಒಂದು ಪಿಸುಮಾತೂ ಇರುವುದಿಲ್ಲ. ಆದ್ದರಿಂದ ಅಲ್ಲಿನ ಮೌನವೂ ಬರೆದದ್ದೇ.

ಯೂರಿ ನಾರ್ಸ್ಟೈನ್ 1975ರಲ್ಲಿ ಮಾಡಿದ ಸೋವಿಯತ್ ಕಿರುಚಿತ್ರದಲ್ಲಿ ಮುಳ್ಳುಹಂದಿಯೊಂದು ಮಂಜಿನಲ್ಲಿ ದಾರಿ ತಪ್ಪುತ್ತದೆ. ತೀರ ತೆಳುವಾದ ಕಾಗದವನ್ನು ಗೊಂಬೆಯ ಮೇಲಿಟ್ಟು, ಒಂದೊಂದೇ ಚೌಕಟ್ಟಿಗೆ ಕ್ಯಾಮೆರಾದ ಕಡೆಗೆ ಸ್ವಲ್ಪ ಸ್ವಲ್ಪವೇ ಎತ್ತುತ್ತ ಹೋಗಿ ಆ ಮಂಜನ್ನು ಮಾಡಿದ್ದಾರೆ. ಮಂಜು ಪರದೆಯನ್ನೆಲ್ಲ ತುಂಬಿದಾಗ ನೋಡಲು ಏನೂ ಉಳಿದಿರುವುದಿಲ್ಲ. ಕೂಗು ಎಲ್ಲಿಂದ ಬಂತು, ನೀರು ಎಷ್ಟು ದೂರ ಎಂದು ನಾವೂ ಆ ಪ್ರಾಣಿಯಂತೆ ಕಿವಿಗೊಟ್ಟು ಕೂರಬೇಕಾಗುತ್ತದೆ. ತಾಳದಕಟ್ಟು ಅವರು ಮೆಚ್ಚಿದ ಹೆಜ್ಜೆಗೊಂದು ಪೆಟ್ಟಿನ ಪದ್ಧತಿ ಇಲ್ಲಿ ಇದ್ದಿದ್ದರೆ ಚಿತ್ರವೇ ಕೆಡುತ್ತಿತ್ತು ಎಂದು ನನಗನ್ನಿಸುತ್ತದೆ.

ತರಗತಿಗೆ ಒದಗುವ ಇನ್ನೊಂದು ಉದಾಹರಣೆ ಜಪಾನಿನ ನಿರ್ದೇಶಕ ಮಿಯಾಜಾಕಿ ಅವರ 1986ರ ‘ಲಪೂಟಾ’. ಎರಡು ಗಂಟೆಗೂ ಮಿಗಿಲಾದ ಆ ಚಿತ್ರದ ಸಾಕಷ್ಟು ಭಾಗದಲ್ಲಿ ಸಂಗೀತವಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಡಿಸ್ನಿ ಅದರ ಇಂಗ್ಲಿಷ್ ಆವೃತ್ತಿಯನ್ನು ಸಿದ್ಧಪಡಿಸುವಾಗ, ಇಷ್ಟು ಹೊತ್ತು ಸಂಗೀತವಿಲ್ಲದಿದ್ದರೆ ಅಮೆರಿಕದ ಪ್ರೇಕ್ಷಕರಿಗೆ ಒಗ್ಗದೆಂಬ ಎಣಿಕೆಯಿಂದ, ಮೂಲ ಸಂಗೀತಗಾರ ಜೋ ಹಿಸಾಯಿಶಿ ಅವರಿಂದಲೇ ಸಂಗೀತವನ್ನು ಹಿಗ್ಗಿಸಿ ಮತ್ತೆ ಬರೆಸಲಾಯಿತು. ಚಿತ್ರ ಅದೇ, ಗೆರೆ ಅದೇ, ಬಣ್ಣ ಅದೇ. ನೋಡುವ ಅನುಭವ ಮಾತ್ರ ಬೇರೆ. ಗೆರೆಗಾರರೇ, ಆರಂಭದ ವಾಯುನೌಕೆಯ ದೃಶ್ಯವನ್ನು ಮೊದಲು ಜಪಾನಿ ಧ್ವನಿಯಲ್ಲಿ, ಆಮೇಲೆ ಆ ಇಂಗ್ಲಿಷ್ ಧ್ವನಿಯಲ್ಲಿ ತೋರಿಸಿ, ಯಾವುದರಲ್ಲಿ ನೌಕೆ ಹೆಚ್ಚು ಎತ್ತರದಲ್ಲಿದೆ ಎನಿಸಿತೆಂದು ವಿದ್ಯಾರ್ಥಿಗಳನ್ನೇ ಕೇಳಿ. ಡಿಸ್ಕ್ ಕೊಳ್ಳುವಾಗ ಮಾತ್ರ ಹಳೆಯ ಇಂಗ್ಲಿಷ್ ಆವೃತ್ತಿಯನ್ನೇ ಹುಡುಕಿ, ಏಕೆಂದರೆ ನಂತರದ ಕೆಲವು ಬಿಡುಗಡೆಗಳಲ್ಲಿ ಇಂಗ್ಲಿಷ್ ಮಾತಿಗೂ ಮೂಲ ಸಂಗೀತವನ್ನೇ ಮರಳಿ ಕೂಡಿಸಿದ್ದಾರೆ.