ಗೋಣಿಚೀಲದ ಬಿಲ್ಲಿನ ದುಡ್ಡು ಯಾರದೋ ಖಾತೆಗೆ ಹೋಯ್ತು, ಈಗ ಏನು ಮಾಡಲಿ?

ಬ್ಯಾಡಗಿ ಲೆಕ್ಕದವಳು:
ನಮಸ್ಕಾರ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಆರು ವರ್ಷದಿಂದ ಲೆಕ್ಕ ಬರೆಯುತ್ತೇನೆ. ಸೋಮವಾರ, ಗುರುವಾರ ಆವಕ ಜಾಸ್ತಿ, ತಲೆ ಎತ್ತಲೂ ಪುರಸೊತ್ತಿರುವುದಿಲ್ಲ. ನಿನ್ನೆ ಗುರುವಾರ ಮಧ್ಯಾಹ್ನ, ಕೋಲ್ಕತ್ತಾದಿಂದ ಗೋಣಿಚೀಲ ಕಳಿಸುವವರ ಹೆಸರಲ್ಲಿ ಇಮೇಲ್ ಬಂತು. ಹಳೆ ಖಾತೆ ಆಡಿಟ್‌ನಲ್ಲಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ ಅಂತ. ಕೆಳಗೆ ನಾವೇ ಹಿಂದೆ ಬರೆದ ಪತ್ರಗಳಿದ್ದವು. ಬಿಲ್ ನಂಬರ್ ಸರಿ, ಮೊತ್ತ ಸರಿ. 1,84,500 ರೂಪಾಯಿ ನೆಫ್ಟ್ ಮಾಡಿಬಿಟ್ಟೆ.

ಇವತ್ತು ಸಂಜೆ ಅವರೇ ಫೋನ್ ಮಾಡಿ ದುಡ್ಡು ಬಂದಿಲ್ಲ ಅಂದರು. ಕೈಕಾಲು ತಣ್ಣಗಾದವು. ಮೇಲ್ ತೆಗೆದು ವಿಳಾಸವನ್ನು ಅಕ್ಷರ ಅಕ್ಷರ ಓದಿದೆ. ಎಂ (m) ಇರಬೇಕಾದ ಕಡೆ ಆರ್, ಎನ್ (rn) ಎರಡನ್ನೂ ಒತ್ತಿ ಕೂರಿಸಿದ್ದಾರೆ. ಮೊಬೈಲ್‌ನಲ್ಲಿ ಅದು ಎಂ ಅಂತಲೇ ಕಾಣುತ್ತದೆ. ಸಾಹುಕಾರರಿಗೆ ಇನ್ನೂ ಹೇಳಿಲ್ಲ. ಅವರ ಪ್ಯಾನ್, ಆಧಾರ್ ಪ್ರತಿಗಳೂ ಅಂಗಡಿಯ ಇದೇ ಮೇಲ್‌ಬಾಕ್ಸ್‌ನಲ್ಲಿವೆ. ಅದೇ ದೊಡ್ಡ ಭಯ.

ಹುಬ್ಬಳ್ಳಿ ಬಟ್ಟೆ ಅಂಗಡಿ:
ತಂಗಿ, ಓದುವುದು ಆಮೇಲೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನೆಫ್ಟ್‌ನ ಯುಟಿಆರ್ ನಂಬರ್, ಅಂದರೆ ಆ ವಹಿವಾಟಿನ ಗುರುತಿನ ಸಂಖ್ಯೆ, ಕೈಯಲ್ಲಿಟ್ಟುಕೊಳ್ಳಿ. ದುಡ್ಡು ಆ ಖಾತೆಯಲ್ಲಿ ಇರುವ ತನಕ ತಡೆ ಹಾಕಿಸಬಹುದು, ಅಲ್ಲಿಂದ ಹತ್ತು ಕಡೆ ಹರಿದರೆ ಹಿಡಿಯುವುದು ಕಷ್ಟ. ನಿಮ್ಮ ಬ್ಯಾಂಕಿಗೂ ಈಗಲೇ ತಿಳಿಸಿ. ನಾಳೆ ಹಾವೇರಿಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ, ಹೋಗಿ. ಆ ಮೇಲ್ ಅಳಿಸಬೇಡಿ, ಅದೇ ಸಾಕ್ಷಿ.

ಸಾಹುಕಾರರಿಗೆ ಇವತ್ತೇ ಹೇಳಿ. ನನ್ನ ಅಂಗಡಿಯಲ್ಲಿ ಹೀಗಾದಾಗ ಹುಡುಗ ಹೆದರಿ ಎರಡು ದಿನ ಮುಚ್ಚಿಟ್ಟ. ಅಷ್ಟರಲ್ಲಿ ಖಾತೆ ಖಾಲಿ. ನನಗೆ ದುಡ್ಡಿಗಿಂತ ಅವನು ಹೆದರಿದ್ದೇ ಜಾಸ್ತಿ ನೋವಾಯಿತು.

ಗದಗ ಕಂಪ್ಯೂಟರ್ ರಿಪೇರಿ:
ಹಳೆ ಪತ್ರಗಳು ಅವರ ಕೈಗೆ ಸಿಕ್ಕಿವೆ ಅಂದರೆ ನಿಮ್ಮ ಮೇಲ್‌ಬಾಕ್ಸ್‌ಗೋ ಕೋಲ್ಕತ್ತಾದವರದ್ದಕ್ಕೋ ಯಾರೋ ನುಗ್ಗಿದ್ದಾರೆ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಇಷ್ಟಕ್ಕೇ ನಿಲ್ಲಿಸಬೇಡಿ ರೀ. ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನೋಡಿ. ಬಂದ ಮೇಲ್ ಬಚ್ಚಿಡುವ ಇಲ್ಲವೇ ತಮಗೆ ಕಳಿಸಿಕೊಳ್ಳುವ ಒಂದು ನಿಯಮವನ್ನು ಕಳ್ಳರು ಅಲ್ಲಿ ಬರೆದಿಟ್ಟು ಹೋಗುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು. ನೆಫ್ಟ್‌ನಲ್ಲಿ ದುಡ್ಡು ಹೋಗುವುದು ಖಾತೆ ನಂಬರ್ ನೋಡಿ. ನೀವು ಬರೆದ ಹೆಸರು ನೋಡಿ ಅಲ್ಲ. ಹಣ ಕಳಿಸುವ ಮುಂಚೆ ಖಾತೆದಾರರ ಹೆಸರು ತೋರಿಸುವ ವ್ಯವಸ್ಥೆ 2025ರ ಏಪ್ರಿಲ್ ಒಳಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಆ ಹೆಸರು ಓದದೆ ಮುಂದೆ ಒತ್ತಬೇಡಿ.

ಧಾರವಾಡದ ನಿವೃತ್ತ:
ಆಧಾರ್ ಬಗ್ಗೆ ಹೇಳುತ್ತೇನಮ್ಮ. ಆಧಾರ್ ವೆಬ್‌ಸೈಟ್‌ನಲ್ಲಿ ಬೆರಳಚ್ಚು ಲಾಕ್ ಮಾಡಬಹುದು, ಬೇಕಾದಾಗ ತೆಗೆಯಬಹುದು. ಇನ್ನು ಮುಂದೆ ಪ್ರತಿ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪ್ಯಾನ್ ಇಟ್ಟುಕೊಂಡು ಯಾರಾದರೂ ಸಾಲ ಎತ್ತಿದರೆ ಕ್ರೆಡಿಟ್ ವರದಿಯಲ್ಲಿ ಕಾಣುತ್ತದೆ. ಅದು ವರ್ಷಕ್ಕೊಮ್ಮೆ ಉಚಿತ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅನ್ನುವುದು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ನಾನು ನೋಡಿದಾಗ ನನ್ನದಲ್ಲದ ಒಂದು ನಂಬರ್ ಇತ್ತು. ನನ್ನದಲ್ಲ ಅಂತ ಅಲ್ಲೇ ದಾಖಲಿಸಿದೆ.

ಬ್ಯಾಡಗಿ ಲೆಕ್ಕದವಳು:
ಎಲ್ಲರಿಗೂ ಕೈ ಮುಗಿಯುತ್ತೇನೆ. 1930ಕ್ಕೆ ಹೇಳಿದೆ, ದೂರಿನ ನಂಬರ್ ಬಂತು. ದುಡ್ಡು ತಡೆದಿದ್ದಾರೋ ಇಲ್ಲವೋ ಇನ್ನೂ ತಿಳಿದಿಲ್ಲ. ಗದಗದ ಅಣ್ಣಾ, ನೀವು ಹೇಳಿದ್ದೇ ಸರಿ. ಫಿಲ್ಟರ್ ಇತ್ತು. ಕೋಲ್ಕತ್ತಾದಿಂದ ಬಂದದ್ದೆಲ್ಲ ನೇರ ಟ್ರ್ಯಾಶ್‌ಗೆ. ಅಲ್ಲಿ ಅವರ ನಿಜವಾದ ಎರಡು ಮೇಲ್ ಬಿದ್ದಿದ್ದವು, ನಾನು ನೋಡಲೇ ಇಲ್ಲ. ಅವರ ಹಳೆ ಫೋನ್ ನಂಬರ್ ಕೀರ್ದಿಯ ಮೊದಲ ಪುಟದಲ್ಲೇ ಇದೆ. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು ಅಲ್ವಾ.

ಸಾಹುಕಾರರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆಳಿಗ್ಗೆ ಹಾವೇರಿಗೆ ಅವರೂ ಬರುತ್ತಾರೆ.