ಬೇರೆಡೆ ಕಡಿಮೆ ಇದ್ದರೆ ಅದೇ ದರಕ್ಕೆ ಕೊಡುತ್ತೇವೆ ಎನ್ನುವ ಮಳಿಗೆಗಳು, ಅಂಗಡಿ ಕಾರ್ಡಿನ ಪಾಯಿಂಟುಗಳು: ಎಷ್ಟು ನಂಬಬಹುದು?

ಪ್ರಶ್ನೆ: ಉಣಕಲ್ ನಿವಾಸಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮನೆಗೆ ಏಳು ಕಿಲೋದ ವಾಷಿಂಗ್ ಮಷೀನು ಕೊಳ್ಳಬೇಕಾಗಿದೆ. ನಮ್ಮೂರಿನ ಒಂದು ದೊಡ್ಡ ಮಳಿಗೆಯ ಬಾಗಿಲಲ್ಲಿಯೇ ‘ಬೇರೆ ಎಲ್ಲಿಯಾದರೂ ಕಡಿಮೆ ದರವಿದ್ದರೆ ತೋರಿಸಿ, ಅದೇ ದರಕ್ಕೆ ಕೊಡುತ್ತೇವೆ’ ಎಂದು ಬೋರ್ಡು ಹಾಕಿದ್ದಾರೆ. ಅಲ್ಲಿ 18,990 ರೂಪಾಯಿ ಹೇಳಿದ ಮಷೀನು ಆನ್‌ಲೈನ್‌ನಲ್ಲಿ 16,990ಕ್ಕೆ ಸಿಗುತ್ತಿರುವುದನ್ನು ಮೊಬೈಲಿನಲ್ಲಿ ತೋರಿಸಿದಾಗ, ಮೊದಲು ‘ಮಾಡೆಲ್ ಬೇರೆ’ ಎಂದರು. ನೋಡಿದರೆ ಮಾಡೆಲ್ ನಂಬರಿನ ಕೊನೆಯ ಎರಡು ಅಕ್ಷರಗಳಷ್ಟೇ ಬೇರೆ ಇದ್ದವು. ಆಮೇಲೆ ‘ಅದು ಬ್ಯಾಂಕ್ ಕಾರ್ಡಿನ ರಿಯಾಯಿತಿ ಕಳೆದ ದರ’ ಎಂದರು. ಕೊನೆಗೆ ದರದ ಮಾತನ್ನೇ ಬಿಟ್ಟು, ತಮ್ಮ ಮಳಿಗೆಯ ಕಾರ್ಡು ಮಾಡಿಸಿಕೊಂಡರೆ 500 ರೂಪಾಯಿಯಷ್ಟು ಪಾಯಿಂಟ್ ಜಮಾ ಮಾಡುತ್ತೇವೆ, ಮುಂದಿನ ಖರೀದಿಗೆ ಬಳಸಬಹುದು ಎಂದು ಸಮಾಧಾನ ಹೇಳಿದರು.

ಬೋರ್ಡು ಹಾಕಿದ ಮೇಲೆ ಆ ಮಾತಿಗೆ ಬೆಲೆ ಇರಬೇಕಲ್ಲವೇ? ಹಾಗೆಯೇ, ನಾವು ತಿಂಗಳ ಕಿರಾಣಿ ತರುವ ಮಾರ್ಟಿನಲ್ಲಿಯೂ ಕಾರ್ಡು ಇದ್ದವರಿಗೊಂದು ದರ, ಇಲ್ಲದವರಿಗೊಂದು ದರ ಇದೆ. ಈ ಕಾರ್ಡುಗಳಿಂದ ನಿಜವಾಗಿ ಏನಾದರೂ ಉಳಿತಾಯವಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಮಳಿಗೆಯ ಮಾಜಿ ನೌಕರ, ಗೋಕುಲ ರಸ್ತೆ

ಸರ್, ಗೃಹೋಪಯೋಗಿ ವಸ್ತುಗಳ ಕೌಂಟರಿನಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ. ತಮಗೆ ಕೊಟ್ಟ ಎರಡು ಕಾರಣಗಳಲ್ಲಿ ಎರಡನೆಯದು ನ್ಯಾಯವಾದದ್ದು, ಮೊದಲನೆಯದನ್ನು ಮಾತ್ರ ಪರೀಕ್ಷಿಸಿಯೇ ಒಪ್ಪಬೇಕು. ಬ್ಯಾಂಕ್ ಕಾರ್ಡಿನ ರಿಯಾಯಿತಿಯನ್ನು ಸಾಮಾನ್ಯವಾಗಿ ಬ್ಯಾಂಕೋ ಕಂಪನಿಯೋ ಭರಿಸುತ್ತದೆ. ಅದು ಆ ಮಾರಾಟಗಾರನ ದರವಲ್ಲ. ಹಳೆಯ ಮಷೀನಿನ ಎಕ್ಸ್‌ಚೇಂಜ್ ಹಣವೂ ಹಾಗೆಯೇ. ಇವೆರಡನ್ನೂ ತೆಗೆದು ನೋಡಿದಾಗ ಉಳಿಯುವ ದರವನ್ನು ಮಾತ್ರ ಹೋಲಿಸಬೇಕು, ಮತ್ತು ಮನೆಗೆ ತಲುಪಿಸುವ ಖರ್ಚು, ಸ್ಟ್ಯಾಂಡು, ನಳದ ಜೋಡಣೆ ಎಲ್ಲವನ್ನೂ ಅದಕ್ಕೆ ಕೂಡಿಸಬೇಕು.

ಮಾಡೆಲ್ ನಂಬರಿನ ವಿಷಯ ಬೇರೆ. ಕೆಲವು ಕಂಪನಿಗಳು ಆನ್‌ಲೈನ್ ಮಾರಾಟಕ್ಕೊಂದು, ಅಂಗಡಿಗಳಿಗೊಂದು ನಂಬರು ಕೊಡುತ್ತವೆ. ಕೆಲವೊಮ್ಮೆ ಬಣ್ಣ ಅಥವಾ ಮುಚ್ಚಳದ ಗಾಜಿನಷ್ಟೇ ವ್ಯತ್ಯಾಸವಿರುತ್ತದೆ. ಇನ್ನು ಕೆಲವೊಮ್ಮೆ ಮೋಟಾರು, ಡ್ರಮ್ಮು, ವಾರಂಟಿ ಅವಧಿಗಳೇ ಬೇರೆಯಾಗಿರುತ್ತವೆ. ಆದ್ದರಿಂದ ಎರಡೂ ಮಷೀನುಗಳ ವಿವರದ ಪುಟಗಳನ್ನು ಕಂಪನಿಯ ವೆಬ್‌ಸೈಟಿನಲ್ಲಿ ಅಕ್ಕಪಕ್ಕ ಇಟ್ಟು ಓದಿ, ವ್ಯತ್ಯಾಸ ಬಣ್ಣದ್ದಷ್ಟೇ ಆಗಿದ್ದರೆ ಆ ಪುಟವನ್ನೇ ಮ್ಯಾನೇಜರರಿಗೆ ತೋರಿಸಿರಿ. ಕೌಂಟರಿನಲ್ಲಿ ನಿಂತ ಹುಡುಗನಿಗೆ ದರ ಇಳಿಸುವ ಅಧಿಕಾರ ಇರುವುದಿಲ್ಲ, ಅವನೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ.

ಮೊಬೈಲಿನ ಪರದೆಗಿಂತ ಊರಿನ ಇನ್ನೊಂದು ಅಂಗಡಿಯ ಕೊಟೇಶನ್‌ಗೆ ಹೆಚ್ಚು ತೂಕವಿದೆ. ಕೊಪ್ಪೀಕರ ರಸ್ತೆಯ ಕಡೆಯ ಅಂಗಡಿಯೊಂದರಿಂದ ಪೂರ್ತಿ ಮಾಡೆಲ್ ನಂಬರು, ಜಿಎಸ್‌ಟಿ ಸೇರಿದ ದರ, ಸ್ಟಾಕ್ ಇದೆ ಎಂಬ ಮಾತು, ದಿನಾಂಕ ಮತ್ತು ಸಿಕ್ಕಾ ಇರುವ ಹಾಳೆಯನ್ನು ತೆಗೆದುಕೊಂಡು ಹೋದರೆ ಮ್ಯಾನೇಜರರು ಸುಲಭವಾಗಿ ಅಲ್ಲಗಳೆಯಲಾರರು. ತಿಂಗಳ ಕೊನೆಯ ವಾರದಲ್ಲಿ ಮಾರಾಟದ ಗುರಿ ಮುಟ್ಟುವ ಒತ್ತಡ ಇರುವುದರಿಂದ ಆಗ ಹೋಗುವುದು ಇನ್ನೂ ಒಳ್ಳೆಯದು. 500 ರೂಪಾಯಿಯ ಪಾಯಿಂಟ್ ಬದಲು ಬಿಲ್ಲಿನಲ್ಲಿಯೇ 300 ಕಡಿಮೆ ಮಾಡಿ ಎಂದು ಕೇಳಿರಿ. ವಾಷಿಂಗ್ ಮಷೀನು ಕೊಂಡವರು ಅದೇ ಮಳಿಗೆಗೆ ಮತ್ತೆ ಯಾವಾಗ ಹೋಗುತ್ತಾರೆ? ಅಷ್ಟರೊಳಗೆ ಪಾಯಿಂಟಿನ ಅವಧಿ ಮುಗಿದಿರುತ್ತದೆ.

ಉತ್ತರ: ಅರ್ಥಶಾಸ್ತ್ರ ಅಧ್ಯಾಪಕಿ, ಧಾರವಾಡ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಒಂದು ವಿಚಾರ ಸೇರಿಸಬೇಕು: ‘ಯಾರ ದರಕ್ಕಾದರೂ ಸರಿಗಟ್ಟುತ್ತೇವೆ’ ಎಂಬ ಭರವಸೆ ಮೇಲ್ನೋಟಕ್ಕೆ ಪೈಪೋಟಿಯ ಗುರುತಿನಂತೆ ಕಂಡರೂ, ಅದರಿಂದ ಪೈಪೋಟಿಯೇ ತಗ್ಗಬಹುದು ಎಂದು ಅರ್ಥಶಾಸ್ತ್ರಜ್ಞರು 1980ರ ದಶಕದಿಂದಲೂ ವಾದಿಸುತ್ತ ಬಂದಿದ್ದಾರೆ. ನಾನು ದರ ಇಳಿಸಿದ ಕೂಡಲೇ ಎದುರಿನವನೂ ಇಳಿಸುತ್ತಾನೆ, ಗಿರಾಕಿ ನನ್ನ ಕಡೆಗೆ ಬರುವುದಿಲ್ಲ ಎಂದು ಖಚಿತವಾದ ಮೇಲೆ ಯಾವ ವ್ಯಾಪಾರಿ ಮೊದಲು ದರ ಇಳಿಸುತ್ತಾನೆ? ಜೊತೆಗೆ, ನಾಲ್ಕು ಕಡೆ ತಿರುಗಿ ವಿಚಾರಿಸುವವರಿಗೆ ಮಾತ್ರ ಕಡಿಮೆ ದರ ಸಿಕ್ಕು, ತಿರುಗಲಾಗದವರು ಬೋರ್ಡನ್ನು ನಂಬಿ ಹೆಚ್ಚು ಕೊಡುತ್ತಾರೆ. ವಯಸ್ಸಾದವರಿಗೆ ಆಗುವ ಈ ಅನ್ಯಾಯ ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಇನ್ನು ಕಿರಾಣಿ ಕಾರ್ಡಿನ ಲೆಕ್ಕ. 100 ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 6,000 ರೂಪಾಯಿಯ ಸಾಮಾನು ತಂದರೆ 60 ಪಾಯಿಂಟ್, ಅಂದರೆ 15 ರೂಪಾಯಿ. ತೊಗರಿಬೇಳೆಯ ದರ ದುರ್ಗದಬೈಲಿನಲ್ಲಿ ಕಿಲೋಗೆ ಆರು ರೂಪಾಯಿ ಕಡಿಮೆ ಇದ್ದರೆ, ಮೂರು ಕಿಲೋ ಬೇಳೆಯೊಂದರಲ್ಲಿಯೇ 18 ರೂಪಾಯಿ ಉಳಿದು ಇಡೀ ತಿಂಗಳ ಪಾಯಿಂಟನ್ನು ಮೀರಿಸುತ್ತದೆ. ಕಾರ್ಡಿನವರಿಗೆ ನೇರವಾಗಿ ಬಿಲ್ಲಿನಲ್ಲಿ ಕಡಿತ ಮಾಡುವ ದರ ಇದ್ದರೆ ಅದನ್ನು ಧಾರಾಳವಾಗಿ ಬಳಸಿಕೊಳ್ಳಿ. ಆದರೆ ಪಾಯಿಂಟಿನ ಆಸೆಗೆ ಬೇಡದ ವಸ್ತುವನ್ನು ಬುಟ್ಟಿಗೆ ಹಾಕಬೇಡಿ.

ಹೋಲಿಸುವಾಗ ಪಾಕೀಟಿನ ತೂಕ ನೋಡುವುದನ್ನು ಮರೆಯಬಾರದು. ಸುಮಾರು ಒಂದು ಲೀಟರಿನದೆಂದು ನಾವು ಎತ್ತಿಕೊಳ್ಳುವ ಎಣ್ಣೆಯ ಪಾಕೀಟಿನಲ್ಲಿ 910 ಗ್ರಾಂ ಇರುವುದೂ ಉಂಟು, ಅದಕ್ಕಿಂತ ಸಾಕಷ್ಟು ಕಡಿಮೆ ಇರುವುದೂ ಉಂಟು. ಪಾಕೀಟಿನ ಮೇಲೆ ಎಂಆರ್‌ಪಿಯ ಹತ್ತಿರವೇ ಸಣ್ಣ ಅಕ್ಷರದಲ್ಲಿ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಎಷ್ಟು ಎಂದು ಮುದ್ರಿಸಿರುತ್ತಾರೆ. ಎರಡು ಬ್ರ್ಯಾಂಡುಗಳ ಎಂಆರ್‌ಪಿ ಹೋಲಿಸಲು ಅದೇ ಸರಿಯಾದ ಅಂಕಿ. ರಿಯಾಯಿತಿಯ ದರವಾದರೆ ಅದನ್ನು ತೂಕದಿಂದ ನಾವೇ ಭಾಗಿಸಿ ನೋಡಬೇಕು.

ಉತ್ತರ: ಕಿರಾಣಿ ವ್ಯಾಪಾರಿ, ಗದಗ-ಬೆಟಗೇರಿ

ನಮ್ಮಂಥ ಸಣ್ಣ ಅಂಗಡಿಗಳಿಗೂ ಬಂದು ‘ಮಾರ್ಟಿನ ದರಕ್ಕೆ ಕೊಡಿ’ ಎಂದು ಕೇಳುವವರು ಇದ್ದಾರೆ. ಕೆಲವು ಸಾಬೂನು, ಪೌಡರುಗಳ ಮಾರ್ಟಿನ ದರ ನಮಗೆ ವಿತರಕರಿಂದ ಸಿಗುವ ದರಕ್ಕಿಂತಲೂ ಕೆಳಗಿರುವುದರಿಂದ ಅದು ನಮಗೆ ಸಾಧ್ಯವಾಗುವುದಿಲ್ಲ. ಆದರೆ ನಾವು ಕಾರ್ಡಿಲ್ಲದೆ ತಿಂಗಳ ಉದ್ರಿ ಕೊಡುತ್ತೇವೆ, ಕಾಳು ಹುಳ ಹಿಡಿದಿದ್ದರೆ ಮಾತಿಲ್ಲದೆ ಬದಲಿಸಿ ಕೊಡುತ್ತೇವೆ. ದರ ಹೋಲಿಸುವವರು ಇವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವಿನಂತಿ.

ಉತ್ತರ: ವಕೀಲ, ಧಾರವಾಡ

ಬೇರೆಯವರ ದರಕ್ಕೆ ಸರಿಗಟ್ಟಲೇಬೇಕೆಂದು ಯಾವ ಕಾಯ್ದೆಯೂ ಅಂಗಡಿಗೆ ಹೇಳುವುದಿಲ್ಲ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬುದಷ್ಟೇ ಮೇಲಿನ ಮಿತಿ. ಆದರೆ ಬೋರ್ಡು ಹಾಕಿ ಆಮೇಲೆ ನುಣುಚಿಕೊಳ್ಳುವುದು ಬೇರೆ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತು ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದರೇನು ಎಂಬುದನ್ನು ಹೇಳಲಾಗಿದೆ. ಕೊಡುವ ಉದ್ದೇಶವೇ ಇಲ್ಲದ ಅಗ್ಗದ ದರವನ್ನು ಜಾಹೀರು ಮಾಡುವುದು, ಬಿಲ್ಲು ಕೊಡದಿರುವುದು, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನುಬಾಹಿರವಾಗಿ ಇತರರಿಗೆ ದಾಟಿಸುವುದು ಮೂರೂ ಅದರೊಳಗೆ ಬರುತ್ತವೆ. ಕಾರ್ಡಿಗೆಂದು ಕೊಟ್ಟ ಮೊಬೈಲ್ ನಂಬರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಬಿಲ್ಲು ಮಾಡಲು ನಂಬರು ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಮಾರಾಟಗಾರರಿಗೆ ಸೂಚಿಸಿದೆ.

ತಾವು ಮಾಡಬೇಕಾದದ್ದು ಇಷ್ಟು. ಬೋರ್ಡಿನ ಫೋಟೋವನ್ನು ಷರತ್ತುಗಳ ಸಣ್ಣ ಅಕ್ಷರ ಓದುವಂತೆ ತೆಗೆದಿಟ್ಟುಕೊಳ್ಳಿ. ‘ಆನ್‌ಲೈನ್ ದರ ಅನ್ವಯಿಸುವುದಿಲ್ಲ’ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ತಮ್ಮ ವಾದ ದುರ್ಬಲವಾಗುತ್ತದೆ. ಬರೆದಿಲ್ಲದಿದ್ದರೆ ನಿರಾಕರಣೆಯ ಕಾರಣವನ್ನು ಇ-ಮೇಲಿನಲ್ಲಿ ಕೇಳಿರಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲಿಯೂ ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆದರೆ ಸಾಮಾನು ಕೊಳ್ಳದೆ ಬಂದವರಿಗಿಂತ, ಭರವಸೆ ನಂಬಿ ಕೊಂಡು ನಷ್ಟಪಟ್ಟವರಿಗೆ ಆಯೋಗದಲ್ಲಿ ಹೆಚ್ಚು ಗಟ್ಟಿಯಾದ ನೆಲೆ ಇರುತ್ತದೆ. ಆದ್ದರಿಂದ ಈ ಹಂತದಲ್ಲಿ ಸಹಾಯವಾಣಿಯೇ ಸಾಕೆಂದು ನನ್ನ ಅಭಿಪ್ರಾಯ.

ಉಣಕಲ್ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಈ ತಿಂಗಳ ಕೊನೆಗೆ ಕೊಟೇಶನ್ ಹಿಡಿದುಕೊಂಡು ಹೋಗುತ್ತೇನೆ. ಇನ್ನೊಂದು ಸಣ್ಣ ಸಂಶಯ: ಮಾರ್ಟಿನ ಕಾರ್ಡು ತಾಯಿಯವರ ನಂಬರಿನಲ್ಲಿದೆ, ಸಾಮಾನು ತರುವವನು ನಾನು. ಅವರ ಪಾಯಿಂಟನ್ನು ನಾನು ಬಳಸಬಹುದೇ?

ಮಳಿಗೆಯ ಮಾಜಿ ನೌಕರ, ಗೋಕುಲ ರಸ್ತೆ

ಸಾಮಾನ್ಯವಾಗಿ ಬಳಸಬಹುದು ಸರ್. ಪಾಯಿಂಟ್ ಜಮಾ ಆಗಲು ಅವರ ನಂಬರು ಹೇಳಿದರೆ ಸಾಕು. ಖರ್ಚು ಮಾಡುವಾಗ ಮಾತ್ರ ಆ ಮೊಬೈಲಿಗೆ ಓಟಿಪಿ ಹೋಗುವುದರಿಂದ, ತಾಯಿಯವರು ಆ ಹೊತ್ತಿಗೆ ಫೋನ್ ಎತ್ತುವಂತಿರಬೇಕು. ಉಳಿದ ಪಾಯಿಂಟು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಎಷ್ಟೋ ಕಡೆ ಬಿಲ್ಲಿನ ಕೆಳಗಡೆಯೇ ಮುದ್ರಿಸಿರುತ್ತಾರೆ, ಇಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳಿ.